ಕೆರಿಯಮ್ಮ ಅಳೆದ ಚೈನು

ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ವಾಸಪ್ಪನ ಸೈಕಲ್ ಶಾಪು ಇತ್ತು. ಬೋರ್ಡಿನ ಮೇಲಿದ್ದದ್ದು ವಾಸಪ್ಪನ ಹೆಸರು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹೋಗುವವರನ್ನೂ ಬರುವವರನ್ನೂ ಮಾತಾಡಿಸುತ್ತಿದ್ದವನೂ ವಾಸಪ್ಪನೇ. ಆದರೆ ಸೈಕಲ್ಲಿನ ರೋಗ ಹಿಡಿದು ಔಷಧಿ ಮಾಡುತ್ತಿದ್ದವಳು, ಒಳಗೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದ ಅವನ ಹೆಂಡತಿ ಕೆರಿಯಮ್ಮ. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ವಾಸಪ್ಪ ಒಳ್ಳೆ ಕೆಲಸಗಾರ ಎನ್ನುತ್ತಿದ್ದರು. ಅವನೂ ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಮನುಷ್ಯ ಕೆಟ್ಟವನಲ್ಲ, ಬಾಯಿಗೆ ಬ್ರೇಕು ಇರಲಿಲ್ಲ ಅಷ್ಟೆ.

ಕೆರಿಯಮ್ಮನಿಗೆ ಅದರಿಂದ ಬೇಜಾರಿತ್ತೇ ಎಂದರೆ, ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ತಗ್ಗಿ ಬಗ್ಗಿ ನಡೆಯುವ ಹೆಂಗಸೇ ಅಲ್ಲ. ತಾನು ಕಡ್ಡಿ ಬಿಗಿದು ಕಟ್ಟಿದ ಚಕ್ರವನ್ನು ಒಮ್ಮೆ ಬೆರಳಿನಿಂದ ತಿರುಗಿಸಿ ಬಿಟ್ಟು, ಅದು ಅತ್ತಿತ್ತ ಅಲುಗದೆ ಸುತ್ತುವುದನ್ನು ಕೈಕಟ್ಟಿ ನೋಡುತ್ತಾ, "ಇನ್ಯಾರಾದ್ರೂ ಮಾಡ್ಲಿ ನೋಡೋಣ" ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದಳು. ಕೇಳಲು ಯಾರೂ ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದಳು.

ಅವಳ ತವರು ಬ್ಯಾಕೋಡಿನ ಕಡೆ. ಈಗ ಆ ಜಾಗಕ್ಕೆ ಹೋದರೆ ಕಾಣುವುದು ನೀರು. ಅಣೆಕಟ್ಟು ತುಂಬಿದಾಗ ಮನೆ, ಕಣ, ಗದ್ದೆ ಎಲ್ಲದರ ಜೊತೆ ಅವಳ ಅವ್ವ ಗೋಡೆಯ ಮೇಲೆ ಬರೆದ ಹಸೆ ಚಿತ್ತಾರವೂ ಮುಳುಗಿತು. ಅವರ ದೀವರ ಜನಾಂಗದ ಹೆಂಗಸರಲ್ಲಿ ಚಿತ್ತಾರ ಬಾರದವರು ಕಡಿಮೆ, ಆದರೆ ಅವ್ವನ ಕೈ ಆ ಸುತ್ತಿನಲ್ಲೆಲ್ಲ ಹೆಸರಾದದ್ದು. ಮದುವೆ ನಿಶ್ಚಯವಾದ ಮನೆಯವರು ಪುರೋಹಿತರಿಗಿಂತ ಮೊದಲು ಅವಳನ್ನು ಕರೆಯಲು ಬರುತ್ತಿದ್ದರಂತೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು, ಎಳೆಯ ಪಕ್ಕ ಎಳೆ, ಒಂದಕ್ಕೊಂದು ತಾಗದಂತೆ. ಬರೆಯುವ ಕುಂಚ ಪುಂಡಿನಾರಿನದು. ಗೋಡೆಯ ಈ ತುದಿಯಿಂದ ಆ ತುದಿಗೆ ಹಿಡಿದು ಅಳತೆ ನೋಡುವ ದಾರವೂ ಪುಂಡಿನಾರನ್ನು ಹೊಸೆದು ಮಾಡಿದ್ದೇ. ಕುಂಚವನ್ನು ನೀರಿನಲ್ಲಿ ನೆನೆಸಿಡಬೇಕು. ಅಳತೆಯ ದಾರವನ್ನು ಮಾತ್ರ ಒದ್ದೆ ಕೈಯಲ್ಲಿ ಮುಟ್ಟಿದರೆ ಅವ್ವ ಪಟ್ಟನೆ ಕೈಮೇಲೆ ಬಾರಿಸುತ್ತಿದ್ದಳು.

"ಎಂತಕ್ಕೆ ಹೊಡಿತೀಯ?" ಎಂದು ಸಣ್ಣ ಕೆರಿಯಮ್ಮ ಕೇಳಿದರೆ, "ಮುಟ್ಬಾರ್ದು ಅಂದ್ರೆ ಮುಟ್ಬಾರ್ದು" ಎಂಬ ಉತ್ತರ ಬಿಟ್ಟು ಮತ್ತೊಂದಿಲ್ಲ. ಹುಡುಗಿ ಅದನ್ನು ಮಡಿ ಮೈಲಿಗೆಯ ಬಾಬತ್ತಿಗೆ ಸೇರಿಸಿ ಮರೆತುಬಿಟ್ಟಳು.

ಮದುವೆಯಾಗಿ ಹೊಸನಗರಕ್ಕೆ ಬಂದಾಗ ವಾಸಪ್ಪ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ. ಬಾಡಿಗೆ ಸೈಕಲ್ಲನ್ನು ಜನ ಹೇಗೆ ಹಿಂದಿರುಗಿಸುತ್ತಾರೆ ಎಂಬುದು ಗೊತ್ತಿದ್ದದ್ದೇ. ಒಂದು ದಿನ ಚಕ್ರ ಸೊಟ್ಟಗಾದ ಸೈಕಲ್ಲನ್ನು ವಾಸಪ್ಪ ತಿರುಗಿಸಿ ತಿರುಗಿಸಿ, ಯಾವ ಕಡ್ಡಿ ಬಿಗಿಯಬೇಕೆಂದು ತಿಳಿಯದೆ ಸ್ಪ್ಯಾನರು ಕೆಳಗಿಟ್ಟು ಹೋಟೆಲಿಗೆ ಹೋದ. ಕಾಫಿ ಕುಡಿದು ವಾಪಸು ಬರುವಷ್ಟರಲ್ಲಿ ಚಕ್ರ ನೆಟ್ಟಗಾಗಿತ್ತು. ಎಳೆ ಸೊಟ್ಟಗಿದ್ದರೆ ಕೆರಿಯಮ್ಮನ ಕಣ್ಣಿಗೆ ಅದು ಊಟದಲ್ಲಿ ಕಲ್ಲು ಸಿಕ್ಕಿದಂತೆ. ಗೋಡೆಯ ಎಳೆಯೋ ಚಕ್ರದ ಕಡ್ಡಿಯೋ, ಅವಳಿಗೆ ಎರಡೂ ಒಂದೇ. ಆವತ್ತಿನಿಂದ ವಾಸಪ್ಪ ಸ್ಟೂಲಿಗೆ ಬಡ್ತಿ ಪಡೆದ. ಕೆರಿಯಮ್ಮ ಗೋಣಿಚೀಲದ ಮೇಲೆ ಕೂತಳು. ಒಂದು ತಮಾಷೆಯೆಂದರೆ, ಊರಿನ ಅರ್ಧ ಸೈಕಲ್ಲುಗಳ ಹೊಟ್ಟೆಯೊಳಗಿನ ಗುಟ್ಟು ಬಲ್ಲ ಈ ಹೆಂಗಸಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಎಂಬತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ನರ್ಸ್ ಮೀನಾಕ್ಷಮ್ಮ ಶಾಪಿಗೆ ಬಂದರು. ತೀರ್ಥಹಳ್ಳಿ ಕಡೆಯವರು. ನಿಟ್ಟೂರಿನಲ್ಲಿದ್ದುಕೊಂಡು ಸುತ್ತಲಿನ ಹಳ್ಳಿಗಳ ಬಾಣಂತಿ ಬಸುರಿಯರನ್ನು ನೋಡಿಕೊಳ್ಳುವ ಕೆಲಸ ಅವರದು. ಅವರ ಹಳೆಯ ಲೇಡೀಸ್ ಸೈಕಲ್ಲಿಗೆ ಆವತ್ತು ಆಗಿದ್ದದ್ದು ಬರೀ ಪಂಕ್ಚರು. ಆದರೆ ಅವರ ಮುಖ ನೋಡಿದರೆ ಟೈರಿಗಿಂತ ಹೆಚ್ಚು ಗಾಳಿ ಹೋಗಿತ್ತು.

"ಕೆರಿಯಮ್ಮ, ನಾನು ಊರ ಕಡೆಗೆ ವರ್ಗ ಮಾಡ್ಸಿಕೊಳ್ತೀನಿ ಮಾರಾಯ್ತಿ," ಎಂದರು. "ಕೆಳಗಿನ ಹಳ್ಳಿಗಳದ್ದು ಎಂತ ತೊಂದ್ರೆ ಇಲ್ಲ. ಆ ಹೊನ್ನೆಮಕ್ಕಿಗೆ ಹೋಗೋ ಏರು ಉಂಟಲ್ಲ, ಕೋಣನದಿಂಬ, ಅಲ್ಲಿ ನನ್ನ ಕೈಲಾಗಲ್ಲ. ಅರ್ಧಕ್ಕೆ ಇಳ್ದು ಸೈಕಲ್ ದೂಡ್ಬೇಕು. ಔಷಧಿ ಚೀಲ ಹೊರ್ಬೇಕಾ, ಸೈಕಲ್ ಹೊರ್ಬೇಕಾ? ಬಿಟ್ಟು ನಡ್ಕೊಂಡು ಹೋದ್ರೆ ನಾ ಮುಟ್ಟೋದ್ರೊಳಗೆ ಎಲ್ಲ ಮುಗ್ದಿರ್ತದೆ."

ಮುಗಿದಿರುತ್ತದೆ ಎಂದದ್ದು ಬರೀ ಮಾತಿಗಲ್ಲ. ಹಿಂದಿನ ವರ್ಷ ಹೊನ್ನೆಮಕ್ಕಿಯಲ್ಲಿ ಒಂದು ಹೆರಿಗೆಗೆ ಅವರು ಏದುಸಿರು ಬಿಡುತ್ತಾ ಮುಟ್ಟಿದಾಗ ತಾಯಿ ಉಳಿದಿದ್ದಳು, ಮಗು ಉಳಿದಿರಲಿಲ್ಲ.

ಕೆರಿಯಮ್ಮನ ಕೈಯಲ್ಲಿದ್ದ ಟ್ಯೂಬು ಅಲ್ಲೇ ನಿಂತಿತು. ಅವಳ ಒಬ್ಬಳೇ ಮಗಳು ಬಂಗಾರಿಯನ್ನು ಕೊಟ್ಟಿದ್ದು ಹೊನ್ನೆಮಕ್ಕಿಗೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿತ್ತು. ಈಗ ಎರಡನೆಯದು, ಪದ್ಧತಿಯಂತೆ ಗಂಡನ ಮನೆಯಲ್ಲಿ. ದೊಡ್ಡಹಬ್ಬದ, ಎಂದರೆ ದೀಪಾವಳಿಯ, ಆಸುಪಾಸಿಗೆ ದಿನ ತುಂಬುತ್ತದೆ.

"ಇಳೀದೆ ಹತ್ತೋ ಸೈಕಲ್ ಮಾಡ್ಕೊಟ್ರೆ ವರ್ಗ ಬಿಡ್ತೀರಾ?" ಎಂದಳು.

ಮೀನಾಕ್ಷಮ್ಮ ನಕ್ಕರು. "ಅಂಥ ಸೈಕಲ್ ಉಂಟನಾ?"

"ಇಲ್ಲ. ಮಾಡ್ಬೇಕು."

ಬಾಗಿಲಲ್ಲಿ ಕೂತಿದ್ದ ವಾಸಪ್ಪ ಈ ಮಾತನ್ನು ಹಿಡಿದು ಸಂಜೆಯೊಳಗೆ ಬಸ್‌ಸ್ಟ್ಯಾಂಡಿಗೆಲ್ಲ ಹಂಚಿದ. "ನಮ್ಮ ಶಾಪಲ್ಲಿ ಗುಡ್ಡ ಹತ್ತೋ ಸೈಕಲ್ ತಯಾರಾಗ್ತದೆ!" ಬಸ್ ಏಜೆಂಟ್ ಜಯಪ್ಪನಿಗೆ ಬೇರೆಯವರ ಮಾತನ್ನು ಗೇಲಿ ಮಾಡದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. "ಹತ್ತೋದು ಹತ್ತಲಿ, ಇಳಿಯೋಕೆ ಪ್ಯಾರಾಚೂಟ್ ಕೊಡ್ತೀರಾ?" ಎಂದ.

ಕೆರಿಯಮ್ಮನ ಲೆಕ್ಕ ಸರಳವಾಗಿತ್ತು. ಹಿಂದಿನ ಚಕ್ರದ ಹಲ್ಲುಗಾಲಿ ದೊಡ್ಡದಾದಷ್ಟೂ ಪೆಡಲ್ ಹಗುರ. ವೇಗ ಕಡಿಮೆಯಾಗುತ್ತದೆ, ಆಗಲಿ, ನರ್ಸಮ್ಮ ಏನು ಪಂದ್ಯಕ್ಕೆ ಹೋಗಬೇಕಿತ್ತೇ? ಸೋಡಾ ಮಾಡುವವರ ಮೂರು ಚಕ್ರದ ಗಾಡಿಯೊಂದು ಮುರಿದುಬಿದ್ದಿತ್ತು. ಅದರ ಹಿಂದಿನ ದೊಡ್ಡ ಹಲ್ಲುಗಾಲಿಯನ್ನು, ಅಂದರೆ ಫ್ರೀವೀಲನ್ನು, ಬಿಚ್ಚಿ ತಂದು ಸೀಮೆಎಣ್ಣೆಯಲ್ಲಿ ತೊಳೆದು ನರ್ಸಮ್ಮನ ಸೈಕಲ್ಲಿಗೆ ಕೂರಿಸಿದಳು. ಕಲ್ಲುದಾರಿಗೆಂದು ದಪ್ಪ ಟೈರು ಹಾಕಿದಳು. ಇಳಿಜಾರಿಗೆಂದು ಬ್ರೇಕಿನ ರಬ್ಬರುಗಳನ್ನು ಹೊಸದಾಗಿ ಜೋಡಿಸಿದಳು. ಸೀರೆಯ ನೆರಿಗೆ ಸಿಕ್ಕದ ಹಾಗೆ ತಗಡೊಂದನ್ನು ಬಗ್ಗಿಸಿ ಪಕ್ಕಕ್ಕೆ ಕಟ್ಟಿದಳು. ಎಲ್ಲ ಸರಿ, ಚೈನೊಂದು ಬಾಕಿ. ಹಿಂದಿನ ಗಾಲಿ ದೊಡ್ಡದಾದ್ದರಿಂದ ಪೆಟ್ಟಿಗೆಯಲ್ಲಿ ಬರುವ ಮಾಮೂಲಿ ಚೈನು ಸಾಲುವುದಿಲ್ಲ. ಸುರುಳಿಯಿಂದ ಬೇಕಾದಷ್ಟು ಉದ್ದ ಕತ್ತರಿಸಿಕೊಡುವವರು ಸಾಗರದ ಮುಕುಂದಯ್ಯನವರು ಒಬ್ಬರೇ.

ಅಳತೆ ಕಳಿಸಬೇಕಲ್ಲ. ಕೆರಿಯಮ್ಮ ಯೋಚನೆ ಕೂಡ ಮಾಡಲಿಲ್ಲ. ಕೈ ತಾನಾಗಿ ಅಟ್ಟದಲ್ಲಿದ್ದ ಪುಂಡಿನಾರಿಗೆ ಹೋಯಿತು. ತೊಡೆಯ ಮೇಲೆ ಹೊಸೆದು ದಾರ ಮಾಡಿ, ಹಿಂದಿನ ಚಕ್ರವನ್ನು, ಅದು ಹಿಂದೆ ಮುಂದೆ ಸರಿಯಲೆಂದು ಫ್ರೇಮಿನಲ್ಲಿ ಬಿಟ್ಟಿರುವ ಸೀಳಿನ ನಡುವಿಗೆ ಇಟ್ಟು, ಮುಂದಿನ ಹಲ್ಲುಗಾಲಿ ಹಿಂದಿನ ಹಲ್ಲುಗಾಲಿ ಎರಡನ್ನೂ ಬಳಸಿ ದಾರ ಸುತ್ತಿದಳು. ತುದಿಗಳು ಕೂಡುವಲ್ಲಿ ಒಂದು ಬೆರಳು ತೂರಿಸಿ, ಅಷ್ಟು ಸಡಿಲ ಬಿಟ್ಟು ಎರಡು ತುದಿಗೂ ಗುರುತಿಗೆ ಒಂದೊಂದು ಗಂಟು ಹಾಕಿದಳು. ಕೂಸಿಗೆ ಉಡಿದಾರ ಕಟ್ಟುವಾಗ ಬಿಡುವುದೂ ಅಷ್ಟೇ. ಬಿಗಿಯಾದರೆ ಮೈಗೆ ಕಚ್ಚುತ್ತದೆ, ಹೆಚ್ಚು ಸಡಿಲವಾದರೆ ಜಾರುತ್ತದೆ. ಚೈನಿಗೂ ಅದೇ ನ್ಯಾಯ.

ಸಾಗರಕ್ಕೆ ಹೊರಟವನು ವಾಸಪ್ಪ. ಸಾಗರಕ್ಕೆ ಹೋಗುವ ಅವಕಾಶವನ್ನು ಅವನು ಯಾರಿಗೂ ಬಿಟ್ಟುಕೊಟ್ಟ ಇತಿಹಾಸವಿಲ್ಲ.

"ದಾರ ಕಳೀಬೇಡಿ," ಎಂದಳು ಕೆರಿಯಮ್ಮ. "ಮುಕುಂದಯ್ಯನೋರ ಹತ್ರ ಹೇಳಿ, ಇದ್ರ ಉದ್ದಕ್ಕೆ ಸರಿಯಾಗಿ, ಒಂದು ಕೊಂಡಿ ಆಚೀಚೆ ಆಗ್ಬಾರ್ದು ಅಂತ."

"ಕಳೆಯೋಕೆ ನಾನೇನು ಕೂಸಾ? ಇಲ್ನೋಡು," ಎಂದು ವಾಸಪ್ಪ ದಾರವನ್ನು ಕೊಡೆಯ ಹಿಡಿಗೆ ಭದ್ರವಾಗಿ ಸುತ್ತಿ ಕಟ್ಟಿದ. "ಕೊಡೆ ಮರ್ತ್ರೆ ತಾನೇ ದಾರ ಮರೆಯೋದು? ಈ ಮಳೇಲಿ ಕೊಡೆ ಯಾರು ಮರೀತಾರೆ?"

ಅವನ ಬುದ್ಧಿವಂತಿಕೆಗೆ ಅವನೇ ತಲೆದೂಗಿ ಬಸ್ ಹತ್ತಿದ. ಮಳೆ ದಾರಿಯ ನಡುವಿನ ಬಟ್ಟೆಮಲ್ಲಪ್ಪದವರೆಗೂ ಬಿಡಲಿಲ್ಲ, ಅಲ್ಲಿಂದಾಚೆಗೂ ಬಿಡಲಿಲ್ಲ. ಬಸ್ಸಿನ ಕಿಟಕಿಯಿಂದ ಎರಚಲು, ಸಾಗರದ ಪೇಟೆಯಲ್ಲಿ ಗಾಳಿಗೆ ಕೊಡೆ ಮಗುಚಿಕೊಂಡು ಅವನೂ ಕೊಡೆಯೂ ಒಟ್ಟಿಗೆ ತೊಯ್ದು ತೊಪ್ಪೆ. ಮುಕುಂದಯ್ಯನವರು ದಾರ ಬಿಚ್ಚಿಸಿಕೊಂಡು, ಮೇಜಿನ ಮೇಲೆ ಎಳೆದು, ಪಕ್ಕದಲ್ಲಿ ಚೈನು ಮಲಗಿಸಿ, ಗಂಟಿಗೆ ಸರಿಯಾಗಿ ಕತ್ತರಿಸಿ ಕೊಟ್ಟರು. ಅವರ ಕೆಲಸದಲ್ಲಿ ಲೋಪವೇನೂ ಇರಲಿಲ್ಲ.

ಮಾರನೆಯ ದಿನ ಕೆರಿಯಮ್ಮ ಹೊಸ ಚೈನನ್ನು ಹಲ್ಲುಗಳ ಮೇಲೆ ಕೂರಿಸಿ ತುದಿಗಳನ್ನು ಹತ್ತಿರಕ್ಕೆ ಎಳೆದಳು. ಕೂಡಲಿಲ್ಲ. ಚಕ್ರವನ್ನು ಸೀಳಿನ ಮುಂದಿನ ತುದಿಗೆ ದೂಡಿದಳು, ದಪ್ಪ ಟೈರು ಫ್ರೇಮಿಗೆ ತಾಗಿ ನಿಂತಿತು. ಆಗಲೂ ಕೂಡಲಿಲ್ಲ. ಎರಡು ತುದಿಗಳ ನಡುವೆ ಕಿರುಬೆರಳು ಇಡುವಷ್ಟು ಜಾಗ ಬಾಯಿ ತೆರೆದುಕೊಂಡೇ ಇತ್ತು.

ಅದೇ ಹೊತ್ತಿಗೆ ಜಯಪ್ಪ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಬಂದ. ನೋಡಿದ. ಸುಮ್ಮನಿರುವ ಜಾಯಮಾನವೇ ಅಲ್ಲವಲ್ಲ.

"ಚಿತ್ತಾರ ಬರ್ದಂಗೆ ಸೈಕಲ್ ಮಾಡಕ್ಕಾಗ್ತದಾ ಕೆರಿಯಮ್ಮ? ಗೋಡೆ ಮೇಲೆ ಒಂದು ಎಳೆ ಕಮ್ಮಿಯಾದ್ರೂ ಮದುವೆ ನಿಲ್ಲಲ್ಲ. ಇದು ನಿಂತೋಯ್ತು ನೋಡಿ."

ಕೆರಿಯಮ್ಮ ಚೈನಿನ ತುದಿಗಳನ್ನು ಕೈಬಿಟ್ಟಳು. ಬಾಯಿಗೆ ಬಂದದ್ದನ್ನು ಅಂದುಬಿಡುವ ಹೆಂಗಸು, ಆವತ್ತು ಒಂದು ಮಾತೂ ಆಡಲಿಲ್ಲ. ಏನು ಆಡುವುದು? ಅಳೆದವಳು ಅವಳೇ. ಈ ಕೈ ಯಾವತ್ತೂ ತಪ್ಪಿದ್ದಿಲ್ಲ ಎಂದು ಮೆರೆದವಳೂ ಅವಳೇ.

ವಾಸಪ್ಪನಿಗೆ ಹೆಂಡತಿಯ ಮೌನ ಎಂದರೆ ಭಯ. ಮೆಲ್ಲಗೆ ಹತ್ತಿರ ಬಂದು, "ಹೋಗ್ಲಿ ಬಿಡು ಮಾರಾಯ್ತಿ," ಎಂದ. "ಹಳೇ ಚೈನಿಂದ ಒಂದು ಜೋಡಿ ಕೊಂಡಿ ಬಿಚ್ಚಿ ಸೇರ್ಸಿಬಿಡಣ. ಎಣ್ಣೆ ಹಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ."

"ಜನಕ್ಕೆ ಗೊತ್ತಾಗಲ್ಲ. ಏರಿಗೆ ಗೊತ್ತಾಗ್ತದೆ," ಎಂದಳು. "ಸವೆದ ಕೊಂಡಿ ಹೊಸದರ ಜೊತೆ ಎಳೀತದಾ? ಅರ್ಧ ದಿಂಬದಲ್ಲಿ ಅಲ್ಲೇ ಕಿತ್ಕೊಳ್ತದೆ. ನರ್ಸಮ್ಮ ಎಲ್ಲಿಗೆ ಹೊರಟಾಗ ಕಿತ್ಕೊಳ್ತದೆ ಅಂತ ಯಾರಿಗೆ ಗೊತ್ತು?"

ಬಂಗಾರಿಯ ಹೆಸರು ಎತ್ತಲಿಲ್ಲ. ವಾಸಪ್ಪ ಅರ್ಥ ಮಾಡಿಕೊಂಡು ಸ್ಟೂಲಿಗೆ ವಾಪಸಾದ.

ಸಂಜೆ ಮನೆಗೆ ಹೋದವಳು ಆ ದಾರವನ್ನು ಒಲೆಯ ಮೇಲಿನ ಕಟ್ಟಿಗೆಗೆ ನೇತುಹಾಕಿದಳು. ಒಣಗಲಿ ಎಂದಲ್ಲ, ಒಲೆಗೇ ಎಸೆಯಬೇಕೆನ್ನಿಸುವಷ್ಟು ಸಿಟ್ಟಿತ್ತು. ಆದರೆ ತಪ್ಪು ಎಲ್ಲಿ ಆಯಿತೆಂದು ನೋಡದೆ ಸುಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಶಾಪಿನ ಬಾಗಿಲು ತೆಗೆದವಳೇ ಕಸ ಕೂಡ ಗುಡಿಸದೆ ಚಕ್ರವನ್ನು ಮತ್ತೆ ಸೀಳಿನ ನಡುವಿಗೆ ತಂದು, ದಾರವನ್ನು ಹಲ್ಲುಗಾಲಿಗಳ ಸುತ್ತ ಬಳಸಿದಳು. ಗಂಟಿಗೆ ಗಂಟು ಸರಿಯಾಗಿ ಕೂಡಿತು. ಬೆರಳು ತೂರಿಸಿದಳು. ಒಂದು ಬೆರಳಿನ ಸಡಿಲ ಇದ್ದ ಹಾಗೇ ಇತ್ತು.

ಚೈನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ಪಕ್ಕದಲ್ಲಿ ದಾರ ಇಟ್ಟಳು. ದಾರ ಉದ್ದ, ಚೈನು ಗಿಡ್ಡ. ಸಾಗರದಲ್ಲಿ ಇವೆರಡೂ ಒಂದೇ ಉದ್ದವಿದ್ದವು ಎಂದು ವಾಸಪ್ಪ ಆಣೆ ಇಟ್ಟು ಹೇಳಿದ್ದ. ಚೈನಂತೂ ಕಬ್ಬಿಣ, ಅದು ಎಲ್ಲಿ ಕುಗ್ಗುತ್ತದೆ? ಹಾಗಾದರೆ ಕುಗ್ಗಿದ್ದು ದಾರ. ಈಗ ಹಿಗ್ಗಿದ್ದೂ ದಾರ. ನಡುವೆ ಆದದ್ದೇನು? ಮಳೆ, ಕೊಡೆ, ಆಮೇಲೆ ಒಲೆ.

ಚೆಂಬಿನ ನೀರು ತಂದು ದಾರದ ಮೇಲೆ ಸುರಿದಳು. ಹೊಸೆದ ನಾರು ನೀರು ಕುಡಿದು ಉಬ್ಬಿತು, ಉಬ್ಬಿದ್ದೇ ಸುರುಳಿ ಬಿಗಿದುಕೊಂಡು ಗಿಡ್ಡವಾಯಿತು. ಅವಳ ಕಣ್ಣೆದುರೇ ಗಂಟು ಸರಿದು ಸರಿದು ಚೈನಿನ ತುದಿಗೆ ಬಂದು ನಿಂತಿತು.

ಕೆರಿಯಮ್ಮ ಗೋಣಿಚೀಲದ ಮೇಲೆ ಕೂತುಬಿಟ್ಟಳು. ಕೈಮೇಲೆ ಅವ್ವ ಬಾರಿಸುತ್ತಿದ್ದ ಜಾಗ ಚುರ್ ಎಂದಂತಾಯಿತು. ಮಡಿಯೂ ಅಲ್ಲ, ಮೈಲಿಗೆಯೂ ಅಲ್ಲ. ಒದ್ದೆಯಾದ ದಾರ ಅಳತೆ ಕೆಡಿಸುತ್ತದೆಂದು ಅವ್ವನ ಕೈಗೆ ಗೊತ್ತಿತ್ತು. ಬಾಯಲ್ಲಿ ಹೇಳಲು ಬರಲಿಲ್ಲವೋ, ಹೇಳಲು ಪುರುಸೊತ್ತಿರಲಿಲ್ಲವೋ. ಅವಳಿಗೆ ಅಳು ಬಂತು. ಅಳುತ್ತಲೇ ಹೆಮ್ಮೆಯೂ ಬಂತು, ಅದೂ ತನ್ನ ಬಗ್ಗೆ ಅಲ್ಲ. ಎಳೆ ಎಳೆದ ಗೋಡೆಗಳೆಲ್ಲ ನೀರೊಳಗೆ ಹೋಗಿ ಒಂದೂ ಉಳಿಯದ ಅವ್ವನ ಬಗ್ಗೆ.

ವಾಸಪ್ಪ ಬಂದಾಗ ಅವಳು ಕಣ್ಣೊರೆಸಿಕೊಂಡು ಎಲ್ಲ ತೋರಿಸಿದಳು. ಅವನು ದಾರ ನೋಡಿದ, ಚೈನು ನೋಡಿದ, ಆಮೇಲೆ ಮೂಲೆಯಲ್ಲಿದ್ದ ಕೊಡೆ ನೋಡಿದ. ಎದ್ದು ರಸ್ತೆ ದಾಟಿ, ಹೊರಡಲು ನಿಂತಿದ್ದ ಬಸ್ಸಿನ ಜನರೆಲ್ಲ ಕೇಳುವ ಹಾಗೆ ಜಯಪ್ಪನಿಗೆ ಹೇಳಿದ: "ಜಯಪ್ಪಣ್ಣ, ಅವ್ಳ ಅಳತೆ ಸರೀನೇ ಇತ್ತು. ಕೆಡ್ಸಿದ್ದು ನನ್ನ ಕೊಡೆ!" ವಾಸಪ್ಪನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ಒಳಗೆ ಕೂತಿದ್ದ ಕೆರಿಯಮ್ಮನಿಗೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಕಸಬರಿಕೆ ಹಿಡಿದಳು.

"ಈ ಸಲ ನಾನೇ ಹೋಗ್ತೀನಿ," ಎಂದಳು, ಅವನು ವಾಪಸು ಬಂದಾಗ.

"ಸರಿ. ಈ ಸಲ ಎಂತದ್ರಲ್ಲಿ ಅಳೀತಿ? ತಂತೀಲಾ?"

"ದಾರನೂ ಬ್ಯಾಡ, ತಂತಿನೂ ಬ್ಯಾಡ. ಸೈಕಲ್ಲನ್ನೇ ತಗೊಂಡು ಹೋಗ್ತೀನಿ."

ಸಾಗರದ ಬಸ್ಸಿನ ಟಾಪಿಗೆ ಸೈಕಲ್ ಏರಿತು. ಹಗ್ಗದ ಇನ್ನೊಂದು ತುದಿ ಹಿಡಿದು ಕಟ್ಟಿದವನು, ಯಾರೂ ಹೇಳದಿದ್ದರೂ, ಜಯಪ್ಪ. ಗೇಲಿ ಬೇರೆ, ಕೆಲಸ ಬೇರೆ.

ಮುಕುಂದಯ್ಯನವರು ಅಂಗಡಿಯ ಮೆಟ್ಟಿಲ ಮೇಲೆ ಸೈಕಲ್ ನಿಲ್ಲಿಸಿಕೊಂಡ ಹೆಂಗಸನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ಅವಳು ದಾರದ ಕಥೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು, ಕೊಡೆಯ ಭಾಗವನ್ನು ಮತ್ತೊಮ್ಮೆ ಹೇಳಿಸಿಕೊಂಡರು.

"ಹಾಗಾದ್ರೆ ಈಗ ಹೊಸದಾಗಿ ಇಡೀ ಚೈನ್ ಕತ್ತರಿಸೋದಾ?" ಎಂದರು.

"ಬೇಡ ಅಯ್ಯೋರೆ. ಇದು ಕತ್ತರಿಸಿದ ಸುರುಳಿ ಇನ್ನೂ ಉಂಟಲ್ಲ, ಅದ್ರಿಂದ್ಲೇ ಕೊಂಡಿ ಕೊಡಿ. ಒಂದೇ ಸುರುಳಿದು ಆದ್ರೆ ಹೊಸದು ಹಳೇದು ಅಂತ ಜಗಳ ಇರಲ್ಲ."

ಅವಳು ಮೆಟ್ಟಿಲ ಮೇಲೇ ಕೂತಳು. ಚೈನನ್ನು ಮುಂದಿನ ದೊಡ್ಡ ಹಲ್ಲುಗಾಲಿಯ ಮೇಲಿಂದ ಹಿಂದಿನ ದೊಡ್ಡ ಹಲ್ಲುಗಾಲಿಗೆ ಸುತ್ತಿ ತಂದು, ಎಷ್ಟು ಬಾಕಿ ಎಂದು ನೋಡಿದಳು. ಎಲೆಅಡಿಕೆ ಸಂಚಿಯಿಂದ ಹೆಬ್ಬೆರಳಿಗೆ ಸುಣ್ಣ ಹಚ್ಚಿಕೊಂಡು ಸುರುಳಿಯ ಮೇಲೆ ಗುರುತು ಹಾಕಿದಳು. ಕೊಂಡಿಗಳನ್ನು ಜೋಡಿಯಾಗಿಯೇ ಸೇರಿಸಬೇಕು, ಒಂಟಿಯಾಗಿ ಸೇರುವುದಿಲ್ಲ. ಮೊಳೆ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಕೂಡಿಸಿದಳು. ಚಕ್ರ ಸೀಳಿನ ನಡುವಿನಲ್ಲಿ ನಿಂತಿತು. ಮುಂದೆ ಚೈನು ಸವೆದು ಉದ್ದವಾದರೆ ಚಕ್ರವನ್ನು ಹಿಂದಕ್ಕೆ ಎಳೆದುಕೊಳ್ಳಲು ಜಾಗವೂ ಇತ್ತು. ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಎತ್ತಿದಳು. ಬೇಕಾದಷ್ಟೇ ಸಡಿಲ. ಪೆಡಲ್ ತಿರುಗಿಸಿ ಬಿಟ್ಟಾಗ ಹೊಸ ಚೈನು ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ಓಡಿತು.

"ಇನ್ಯಾರಾದ್ರೂ ಮಾಡ್ಲಿ ನೋಡೋಣ," ಎಂದಳು, ಮುಕುಂದಯ್ಯನವರ ಮುಖ ನೋಡಿಕೊಂಡೇ.

"ನಮ್ಮ ಕೈಲಂತೂ ಆಗಲ್ಲಮ್ಮ, ನಾವು ಬರೀ ಮಾರೋರು," ಎಂದು ಅವರು ಕೈ ಮುಗಿದು ಮತ್ತೆ ನಕ್ಕರು.

ಸೈಕಲ್ ಪರೀಕ್ಷೆಗೆ ನಿಂತದ್ದು ಶ್ರಾವಣದಲ್ಲಿ, ಮಳೆ ಒಂದಿಷ್ಟು ಬಿಡುವು ಕೊಟ್ಟ ದಿನ. ಕೋಣನದಿಂಬದ ಬುಡದಲ್ಲಿ ಮೀನಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಔಷಧಿ ಚೀಲ ಹಿಂದೆ ಕಟ್ಟಿಕೊಂಡರು. ನೋಡಲು ವಾಸಪ್ಪ, ರಜೆ ಹಾಕಿ ಬಂದಿದ್ದ ಜಯಪ್ಪ, ಹೊನ್ನೆಮಕ್ಕಿಯಿಂದ ಇಳಿದುಬಂದ ನಾಲ್ಕಾರು ಜನ. ಕೆರಿಯಮ್ಮ ಕೊನೆಯ ಸಲ ಚೈನಿಗೆ ಬೆರಳಿಟ್ಟು ನೋಡಿ, "ಹತ್ತಿ ನರ್ಸಮ್ಮ" ಎಂದಳು.

ಮೊದಲ ತಿರುವು ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಸೈಕಲ್ಲಿನ ವೇಗ ನಡಿಗೆಯಷ್ಟಕ್ಕೆ ಇಳಿಯಿತು. ಎಲ್ಲರೂ ಪಕ್ಕದಲ್ಲೇ ನಡೆಯುತ್ತಿದ್ದರು. ಮೀನಾಕ್ಷಮ್ಮ ಯಾವಾಗಲೂ ಇಳಿಯುತ್ತಿದ್ದ ಹೊನ್ನೆ ಮರದ ಹತ್ತಿರ ಮುಂದಿನ ಚಕ್ರ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿತು. ವಾಸಪ್ಪನಿಗೆ ತಡೆಯಲಿಲ್ಲ, ಕೈಚಾಚಿ ಕ್ಯಾರಿಯರ್ ಹಿಡಿಯಲು ಓಡಿದ.

"ಮುಟ್ಬೇಡಿ!" ಕೆರಿಯಮ್ಮನ ಕೂಗಿಗೆ ದಿಂಬದ ಹಕ್ಕಿಗಳೆಲ್ಲ ಹಾರಿದವು. "ಕೈ ಹಚ್ಚಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹೋಯ್ತು!"

ವಾಸಪ್ಪ ಚಾಚಿದ ಕೈ ಚಾಚಿದ ಹಾಗೇ ನಿಂತ. ಮೀನಾಕ್ಷಮ್ಮ ಹಲ್ಲು ಕಚ್ಚಿ ಪೆಡಲ್ ಒತ್ತಿದರು. ಕೆರಿಯಮ್ಮನಿಗೆ ಉಳಿದದ್ದೇನೂ ಕಾಣಲಿಲ್ಲ, ಚೈನಿನ ಮೇಲಿನ ಸಾಲೊಂದೇ ಕಂಡಿತು. ಅವ್ವ ಎಳೆದ ಎಳೆಯ ಹಾಗೆ ನೆಟ್ಟಗೆ ಬಿಗಿದುಕೊಂಡು, ಒಂದೊಂದೇ ಕೊಂಡಿ ಹಲ್ಲಿನ ಮೇಲೆ ಕೂತು ಏಳುತ್ತಿತ್ತು. ಜಾರಲಿಲ್ಲ, ಹಾರಲಿಲ್ಲ, ಟಕ್ ಎನ್ನಲಿಲ್ಲ. ಹೊನ್ನೆ ಮರ ಹಿಂದಾಯಿತು. ಇನ್ನೊಂದು ತಿರುವು ಹಿಂದಾಯಿತು. ಆಮೇಲೆ ಮೇಲಿನ ಬಯಲು ಬಂತು. ಮೀನಾಕ್ಷಮ್ಮ ಇಳಿಯದೆ, ಕಾಲೂರದೆ, ಬಯಲಿನಲ್ಲಿ ಒಂದು ಸುತ್ತು ಬಂದು ಗಂಟೆ ಬಾರಿಸಿದರು.

ಕೆರಿಯಮ್ಮ ಏದುಸಿರು ಬಿಡುತ್ತಾ ಮೇಲೆ ಬಂದಳು. ಎದೆ ಉಬ್ಬಿದ್ದು ಏರು ಹತ್ತಿದ್ದಕ್ಕೆ ಮಾತ್ರ ಅಲ್ಲ. ಹೊನ್ನೆಮಕ್ಕಿಯ ಹಿರಿಯನೊಬ್ಬ ವಾಸಪ್ಪನ ಎರಡು ಕೈ ಹಿಡಿದುಕೊಂಡು, "ದೊಡ್ಡ ಉಪಕಾರ ಮಾಡಿದ್ರಿ ವಾಸಪ್ಪನೋರೆ" ಎಂದ. ಹಳೆಯ ಅಭ್ಯಾಸದಂತೆ ವಾಸಪ್ಪನ ಬಾಯಿ ಅಗಲವಾಯಿತು. ಆಮೇಲೆ ಮುಚ್ಚಿತು.

"ನಾನಲ್ಲ," ಎಂದ. "ನಾನು ಕೊಡೆ ಹಿಡ್ದವ್ನು. ಸೈಕಲ್ ಇವ್ಳದ್ದು."

ಆವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಕೆರಿಯಮ್ಮ ಗಂಡನಿಗೆ ಎಲೆಅಡಿಕೆ ಮಡಿಚಿ ಕೊಟ್ಟಳು. ಅವಳು ಹಾಗೆ ಕೊಡುವುದು ಅಪರೂಪ. ಜಯಪ್ಪ ಮಾತ್ರ ದಾರಿಯುದ್ದಕ್ಕೂ ಎಲ್ಲ ಸ್ಟಾಪಿನಲ್ಲೂ ತಲೆ ಹೊರಹಾಕಿ ಸುದ್ದಿ ಹೇಳಿದ. ತಾನೇ ಕಂಡುಹಿಡಿದವನಂತೆ "ಗುಡ್ಡದ ಸೈಕಲ್" ಎಂದು ಹೆಸರಿಟ್ಟವನೂ ಅವನೇ.

ಮೀನಾಕ್ಷಮ್ಮ ವರ್ಗದ ಮಾತು ಮತ್ತೆ ಎತ್ತಲಿಲ್ಲ. ದೊಡ್ಡಹಬ್ಬಕ್ಕೆ ಮುಂಚೆ ಒಂದು ಮುಂಜಾನೆ ಬಂಗಾರಿಯ ಗಂಡ ನಿಟ್ಟೂರಿಗೆ ಓಡಿಬಂದು ಅವರ ಬಾಗಿಲು ಬಡಿದ. ಅವನು ಹಿಂದಿರುಗಿ ಏರು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಸೈಕಲ್ಲು ಅಂಗಳದಲ್ಲಿ ಒರಗಿತ್ತು, ಒಳಗಿಂದ ಕೂಸಿನ ಅಳು ಕೇಳುತ್ತಿತ್ತು. ಕಾಲು ಮುಂದಾಗಿ ಬಂದ ಕೂಸಂತೆ. ಇನ್ನೊಂದಿಷ್ಟು ತಡವಾಗಿದ್ದರೆ ಎನ್ನುವುದನ್ನು ಮೀನಾಕ್ಷಮ್ಮ ಅರ್ಧಕ್ಕೇ ನಿಲ್ಲಿಸಿದರು. 

ಉಡಿದಾರ ಕಟ್ಟುವ ದಿನ ಕೆರಿಯಮ್ಮ ಹೊನ್ನೆಮಕ್ಕಿಗೆ ಬಂದಳು. ಕೂಸನ್ನು ನೋಡಲು ಮೀನಾಕ್ಷಮ್ಮನೂ ಬಂದಿದ್ದರು. ಹೊರಗೆ ಗೋಡೆಗೆ ಸೈಕಲ್ಲು ಒರಗಿತ್ತು. ಕೆರಿಯಮ್ಮ ಮೊದಲು ಅದರ ಹತ್ತಿರ ಹೋಗಿ ಚೈನಿಗೆ ಬೆರಳಿಟ್ಟು ನೋಡಿಯೇ ಒಳಗೆ ಬಂದದ್ದು. ಮೊಮ್ಮಗಳಿಗಿಂತ ಚೈನು ಹೆಚ್ಚಾಯಿತಾ ಎಂದು ಬೀಗಿತ್ತಿ ಮೂಗು ಮುರಿದಳು. ಮುರಿಯಲಿ ಬಿಡಿ.

ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸೆರಗಿನಲ್ಲಿ ಎರಡೂ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಕರಿದಾರವನ್ನು ಸೊಂಟದ ಸುತ್ತ ಬಳಸಿದಳು. ಒಂದು ಬೆರಳು ತೂರಿಸಿದಳು. ಆಗಲೇ ಸ್ನಾನ ಮುಗಿಸಿ ಬಂದ ಬಂಗಾರಿ, "ತುದಿ ನಾನು ಹಿಡ್ಕೊಳ್ತೀನಿ ಅವ್ವ" ಎಂದು ಕೈ ಚಾಚಿದಳು. ಬೆರಳುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೆರಿಯಮ್ಮ ಪಟ್ಟನೆ ಆ ಕೈಮೇಲೆ ಬಾರಿಸಿದಳು.

"ಎಂತಕ್ಕೆ ಹೊಡಿತೀಯ?" ಎಂದಳು ಬಂಗಾರಿ.

ಕೆರಿಯಮ್ಮನ ಕೈ ಅಲ್ಲೇ ನಿಂತಿತು. ಮುಟ್ಬಾರ್ದು ಅಂದ್ರೆ ಮುಟ್ಬಾರ್ದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡಳು. ಉಡಿದಾರಕ್ಕೆ ಗಂಟು ಹಾಕಿ, ಕೂಸನ್ನು ಬಂಗಾರಿಯ ಕೈಗೆ ಕೊಟ್ಟಳು.

"ಕೂತ್ಕ, ಹೇಳ್ತೀನಿ," ಎಂದಳು. "ನಿನ್ನಜ್ಜಿ ಜೀವಮಾನದಲ್ಲಿ ಒಂದು ಸೈಕಲ್ ಮುಟ್ಟಿ ನೋಡಿದವ್ಳಲ್ಲ. ಆದ್ರೆ ಹೊರಗೆ ನಿಂತಿದ್ಯಲ್ಲ, ಆ ಸೈಕಲ್ಲಿನ ಅಳತೆ ಅವ್ಳದ್ದೇ."